ಚೀನಾ ಆರ್ಕಿಟೆಕ್ಚರ್ ಇಂಟರ್ನ್‌ಶಿಪ್ ಪ್ಯಾಕೇಜ್: ಕ್ಲಾಸಿಗೆ ಸೇರಿ, ವೀಸಾ ಮಾತು ನಂಬಬೇಡಿ

ಬಿ.ಆರ್ಕ್ ಟ್ರೇನಿಂಗ್ ಸೆಮಿಸ್ಟರ್ ಹತ್ತಿರ ಬಂತೆಂದರೆ ತುಮಕೂರಿನ ಹುಡುಗರೆಲ್ಲ ಬೆಂಗಳೂರಿನ ಆಫೀಸುಗಳಿಗೆ ಮೇಲ್ ಕಳಿಸಲು ಕೂರುತ್ತಾರೆ. ಅವರನ್ನೇ ಗುರಿಯಿಟ್ಟು ಎಸ್.ಎಸ್. ಪುರಂ ಕಡೆಯ ಒಂದು ಕನ್ಸಲ್ಟೆನ್ಸಿ ‘ಶಾಂಘೈ, ಶೆನ್‌ಜೆನ್‌ನಲ್ಲಿ ಆರು ತಿಂಗಳ ಇಂಟರ್ನ್‌ಶಿಪ್’ ಎಂಬ ಪ್ಯಾಕೇಜ್ ಮಾರುತ್ತಿದೆ. ಹೆಸರು ಇಲ್ಲಿ ಬೇಡ, ಇಂಥದ್ದೇ ಮಾತು ಬೇರೆ ಕಡೆಯೂ ಕೇಳಿಬರುತ್ತದೆ. ಪೂರ್ತಿ ಪ್ಯಾಕೇಜ್‌ಗೆ 1.4 ಲಕ್ಷ, ಬರೀ ಪೋರ್ಟ್‌ಫೋಲಿಯೊ ಮತ್ತು ಸಾಫ್ಟ್‌ವೇರ್ ಕ್ಲಾಸಿಗಾದರೆ 18,000 ರೂಪಾಯಿ. ಈ ಎರಡನೆಯದು ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮಿಕ್ಕ ದುಡ್ಡು ಯಾವುದಕ್ಕೆ ಹೋಗುತ್ತದೆ ಎಂದು ನೋಡಿದರೆ ಮಾತ್ರ ಕೈ ಹಿಡಿದುಕೊಳ್ಳಬೇಕಾಗುತ್ತದೆ.

ಮೊದಲು ಕ್ಲಾಸು. ಪಾಠ ಮಾಡುವವರಿಗೆ ಅಲ್ಲಿನ ಆಫೀಸಿನ ಡ್ರಾಯಿಂಗ್ ಚೆನ್ನಾಗಿ ಗೊತ್ತು. ಚೀನಾದ ಡಿಸೈನ್ ಇನ್‌ಸ್ಟಿಟ್ಯೂಟ್‌ಗಳಲ್ಲಿ, ಅಂದರೆ ಅಲ್ಲಿನ ದೊಡ್ಡ ವಿನ್ಯಾಸ ಕಚೇರಿಗಳಲ್ಲಿ, ಆಟೋಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್ ಮೇಲೆ ತಿಯಾನ್‌ಝೆಂಗ್ ಎಂಬ ಪ್ಲಗಿನ್ ಹಾಕಿ ಕೆಲಸ ಮಾಡುವ ರೂಢಿ ಇದೆ. ಆ ಫೈಲನ್ನು ಸಾದಾ ಆಟೋಕ್ಯಾಡ್‌ನಲ್ಲಿ ತೆರೆದರೆ ಗ್ರಿಡ್ ಗೆರೆಗಳು (ಕಂಬ-ಗೋಡೆಗಳ ಸ್ಥಾನ ಗುರುತಿಸುವ ಗೆರೆಗಳು) ಕಾಣುತ್ತವೆ, ಗೋಡೆ, ಬಾಗಿಲು, ಕಿಟಕಿ ಎಲ್ಲ ಮಾಯ. ಫೈಲ್ ಕೆಟ್ಟಿದೆ ಅಂದುಕೊಂಡು ಮತ್ತೆ ಮತ್ತೆ ತರಿಸಿಕೊಳ್ಳುವವರೇ ಹೆಚ್ಚು. ಕೆಟ್ಟಿರುವುದಿಲ್ಲ. ಆ ಗೋಡೆಗಳು ಮಾಮೂಲಿ ಲೈನುಗಳಲ್ಲ, ಪ್ಲಗಿನ್ನಿನ ಸ್ವಂತ ಆಬ್ಜೆಕ್ಟ್‌ಗಳು. ಕಳಿಸುವವರು ಟಿ3 ಫಾರ್ಮ್ಯಾಟ್‌ಗೆ ಎಕ್ಸ್‌ಪೋರ್ಟ್ ಮಾಡಿ ಕೊಟ್ಟರೆ ಎಲ್ಲವೂ ಲೈನುಗಳಾಗಿ ಬರುತ್ತದೆ. ಟೆಕ್ಸ್ಟ್ ಇರಬೇಕಾದ ಕಡೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅದು ಫಾಂಟಿನ ಕೊರತೆ: ಚೀನೀ ಅಕ್ಷರಗಳಿರುವ ಜಿಬಿಸಿಬಿಗ್ ಎಂಬ ಬಿಗ್‌ಫಾಂಟನ್ನು ಆಟೋಕ್ಯಾಡ್‌ನ ಫಾಂಟ್ಸ್ ಫೋಲ್ಡರಿಗೆ ಹಾಕಿ ಟೆಕ್ಸ್ಟ್ ಸ್ಟೈಲಿನಲ್ಲಿ ಆರಿಸಬೇಕು. ಇವೆರಡು ಗೊತ್ತಿದ್ದರೆ ಹೊಸ ಆಫೀಸಿನಲ್ಲಿ ಮೊದಲ ವಾರದ ಅರ್ಧ ಗೋಳು ತಪ್ಪುತ್ತದೆ.

ಗ್ರಿಡ್ ಹೆಸರಿಡುವ ಕ್ರಮವನ್ನೂ ಇಲ್ಲಿ ಕೈಹಿಡಿದು ತಿದ್ದುತ್ತಾರೆ. ಎಡದಿಂದ ಬಲಕ್ಕೆ ಅಂಕಿ, ಕೆಳಗಿನಿಂದ ಮೇಲಕ್ಕೆ ಇಂಗ್ಲಿಷ್ ದೊಡ್ಡಕ್ಷರ. ಐ, ಓ, ಝಡ್ ಬಳಸುವಂತಿಲ್ಲ, ಏಕೆಂದರೆ 1, 0, 2ರ ಜೊತೆ ಕಲಸಿಹೋಗುತ್ತವೆ. ಅಳತೆಯೆಲ್ಲ ಮಿಲಿಮೀಟರಿನಲ್ಲಿ, ಲೆವೆಲ್ (ಎತ್ತರದ ಗುರುತು) ಮಾತ್ರ ಮೀಟರಿನಲ್ಲಿ ಮೂರು ದಶಾಂಶ ಸ್ಥಾನದವರೆಗೆ. ನೆಲಮಹಡಿಯ ಫಿನಿಶ್ಡ್ ಫ್ಲೋರ್ ಪ್ಲಸ್-ಮೈನಸ್ 0.000. ಮೂವತ್ತು-ನಲವತ್ತರ ಸೈಟು, ಚದರದ ಲೆಕ್ಕ, ಅಡಿ-ಇಂಚಿನಲ್ಲಿ ಮೇಸ್ತ್ರಿ ಜೊತೆ ಮಾತು, ಇದಕ್ಕೆ ಒಗ್ಗಿದ ಕೈ ಮೊದಮೊದಲು ತಡವರಿಸುತ್ತದೆ. ಕ್ಲಾಸಿನಲ್ಲಿ ಒಂದೇ ಮನೆಯ ಪ್ಲಾನನ್ನು ಎರಡೂ ಕ್ರಮದಲ್ಲಿ ಬರೆಸುವುದು ಒಳ್ಳೆಯ ಅಭ್ಯಾಸ.

ಪೋರ್ಟ್‌ಫೋಲಿಯೊ ಪಾಠವೂ ಹಾಗೇ, ಕೆಲಸಕ್ಕೆ ಬರುವಂಥದ್ದು. ಎ3 ಅಡ್ಡ ಪುಟ, 10 ಎಂಬಿ ಒಳಗಿನ ಒಂದೇ ಪಿಡಿಎಫ್. ಇನ್‌ಡಿಸೈನ್‌ನಿಂದ 300 ಪಿಪಿಐನಲ್ಲಿ ತೆಗೆದರೆ ಫೈಲ್ ಉಬ್ಬಿಹೋಗುತ್ತದೆ, ಸ್ಕ್ರೀನಿನಲ್ಲಿ ನೋಡುವುದಕ್ಕೆ 150 ಧಾರಾಳ. ಗೂಗಲ್ ಡ್ರೈವ್ ಲಿಂಕ್ ಕಳಿಸುವುದು ದೊಡ್ಡ ತಪ್ಪು. ಚೀನಾದಲ್ಲಿ ಗೂಗಲ್, ಯೂಟ್ಯೂಬ್, ಇನ್‌ಸ್ಟಾಗ್ರಾಮ್ ತೆರೆಯುವುದಿಲ್ಲ. ವಾಕ್‌ಥ್ರೂ ವಿಡಿಯೊಗೆ ಯೂಟ್ಯೂಬಿನ ಕ್ಯೂಆರ್ ಕೋಡ್ ಅಂಟಿಸಿದ ಪುಟ ಅಲ್ಲಿನವರ ಪಾಲಿಗೆ ಖಾಲಿ ಪುಟ. ಬದಲಿಗೆ ನಾಲ್ಕು ಫ್ರೇಮುಗಳನ್ನು ಪುಟದಲ್ಲೇ ಕೂರಿಸಿ. ಮೇಲ್‌ನ ಸಬ್ಜೆಕ್ಟ್ ಸಾಲಿನಲ್ಲಿ ಹೆಸರು, ಕಾಲೇಜು, ಹುದ್ದೆ, ಶುರುವಾಗುವ ದಿನ, ಎಷ್ಟು ತಿಂಗಳು ಎಂಬಿಷ್ಟೂ ಇರಲಿ. ಮೂರು ತಿಂಗಳಿಗಿಂತ ಕಡಿಮೆ ಎಂದು ಬರೆದರೆ ಮುಂದೆ ಓದುವವರು ಕಮ್ಮಿ.

ಆಫೀಸು ಹುಡುಕಿಕೊಡುವ ಕೆಲಸ ಸಾಧಾರಣ. ಕನ್ಸಲ್ಟೆನ್ಸಿಯವರು ಕೊಡುವ ಪಟ್ಟಿಯ ಬಹುಪಾಲು ಗುಡ್ ಎಂಬ ಚೀನೀ ವಿನ್ಯಾಸ ಜಾಲತಾಣದ ಉದ್ಯೋಗ ಪ್ರಕಟಣೆಗಳಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. 2021ರಲ್ಲಿ ಎವರ್‌ಗ್ರಾಂಡ್ ಎಂಬ ದೊಡ್ಡ ರಿಯಲ್ ಎಸ್ಟೇಟ್ ಕಂಪನಿ ಸಾಲದ ಸುಳಿಗೆ ಸಿಕ್ಕಮೇಲೆ ಅಲ್ಲಿನ ಕಟ್ಟಡ ವ್ಯವಹಾರವೇ ಕುಗ್ಗಿದೆ, ಕೆಲಸವಿಲ್ಲದ ಸ್ಥಳೀಯ ಪದವೀಧರರೇ ಸಾಲುಗಟ್ಟಿದ್ದಾರೆ ಎಂಬುದನ್ನು ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ. ಇಂಟರ್‌ವ್ಯೂಗೆ ವೀಚಾಟ್ ಎಂಬ ಚೀನೀ ಮೆಸೇಜಿಂಗ್ ಆ್ಯಪ್ ಹಾಕಿಕೊಳ್ಳಿ ಎಂದು ಎಪಿಕೆ ಫೈಲ್ (ಆ್ಯಪ್ ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಫೈಲ್) ಬೇರೆ ಕೊಡುತ್ತಾರೆ. ವೀಚಾಟನ್ನು ಭಾರತ 2020ರ ಜೂನ್‌ನಲ್ಲೇ ನಿಷೇಧಿಸಿದೆ. ಇಂಟರ್‌ವ್ಯೂ ಟೀಮ್ಸ್‌ನಲ್ಲಿ ಮಾಡಿ ಎಂದು ಆಫೀಸಿಗೆ ಮರ್ಯಾದೆಯಿಂದ ಬರೆದರೆ ಸಾಕು.

ಇನ್ನು ವೀಸಾ. ಸಿಟ್ಟು ಬರುವುದು ಇಲ್ಲಿಯೇ. ಚೀನಾದಲ್ಲಿ ಕೆಲಸ ಮಾಡಲು ಬೇಕಿರುವುದು ಝಡ್ ವೀಸಾ. ಅದಕ್ಕೂ ಮೊದಲು ಕಂಪನಿ ಅಲ್ಲಿ ವರ್ಕ್ ಪರ್ಮಿಟ್ ನೋಟಿಫಿಕೇಶನ್ ತೆಗೆಸಬೇಕು. ಸಾಮಾನ್ಯ ವೃತ್ತಿಪರರ ‘ಬಿ’ ವರ್ಗಕ್ಕೆ ಪದವಿಯ ಜೊತೆ 2 ವರ್ಷದ ಸಂಬಂಧಪಟ್ಟ ಅನುಭವ ಕೇಳುತ್ತಾರೆ. 60 ಅಂಕ ಕೂಡಿಸುವ ಇನ್ನೊಂದು ದಾರಿಯೂ ಇದೆ, ಆದರೆ ಅಲ್ಲಿ ಅಂಕ ಬರುವುದು ಸಂಬಳ, ಅನುಭವ, ಚೀನೀ ಭಾಷೆಯಂಥವಕ್ಕೆ. ಟ್ರೇನಿಂಗ್ ಸೆಮಿಸ್ಟರಿನ ವಿದ್ಯಾರ್ಥಿಗೆ ಪದವಿಯೇ ಇನ್ನೂ ಬಂದಿಲ್ಲ. ಹಾಗಾಗಿ ಕನ್ಸಲ್ಟೆನ್ಸಿಯ ಉಪಾಯ: ‘ಎಂ ವೀಸಾದಲ್ಲಿ ಹೋಗಿ, ಅಲ್ಲಿ ಸರಿಮಾಡಿಕೊಳ್ಳೋಣ.’ ಎಂ ಎಂದರೆ ವ್ಯಾಪಾರದ ವೀಸಾ. ಅದರಲ್ಲಿ ಹೋಗಿ ಆಫೀಸಿನಲ್ಲಿ ಕೂತು ಮಾಡೆಲ್ ಕತ್ತರಿಸಿದರೂ ಅದು ಅಕ್ರಮ ಕೆಲಸವೇ. 2013ರ ಜುಲೈ 1ರಿಂದ ಜಾರಿಯಲ್ಲಿರುವ ಅಲ್ಲಿನ ಪ್ರವೇಶ-ನಿರ್ಗಮನ ಕಾನೂನಿನಂತೆ 5,000ದಿಂದ 20,000 ಯುವಾನ್ ದಂಡ, ಪ್ರಕರಣ ಗಂಭೀರವಾದರೆ 5ರಿಂದ 15 ದಿನ ಬಂಧನ. ಇಟ್ಟುಕೊಂಡ ಕಂಪನಿಗೆ ತಲೆಗೆ 10,000 ಯುವಾನ್. ಸಿಕ್ಕಿಬಿದ್ದರೆ ಪಾಸ್‌ಪೋರ್ಟ್ ನಿಮ್ಮದು, ಕಮಿಷನ್ ಅವರದು.

ವಿದ್ಯಾರ್ಥಿಯಾಗಿರುವಾಗಲೇ ಹೋಗಬೇಕಿದ್ದರೆ ನೇರ ದಾರಿ ಅಲ್ಲಿನ ವಿಶ್ವವಿದ್ಯಾಲಯದ ಮೂಲಕ. 180 ದಿನಕ್ಕಿಂತ ಹೆಚ್ಚಿನ ಓದಿಗೆ ಎಕ್ಸ್1 ವೀಸಾ. ಇಳಿದ 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಆಮೇಲೆ ವಿಶ್ವವಿದ್ಯಾಲಯ ಒಪ್ಪಿ, ಆ ಪರ್ಮಿಟ್ಟಿನಲ್ಲಿ ಹೊರಗಿನ ಇಂಟರ್ನ್‌ಶಿಪ್‌ನ ಜಾಗ ಮತ್ತು ಅವಧಿಯನ್ನು ಪೊಲೀಸ್ ಕಚೇರಿಯಲ್ಲಿ ನಮೂದಿಸಿಕೊಟ್ಟರೆ ಮಾತ್ರ ಆಫೀಸಿಗೆ ಕಾಲಿಡಬಹುದು. 180 ದಿನದೊಳಗಿನ ಓದಿನ ಎಕ್ಸ್2 ವೀಸಾ ಈ ಕೆಲಸಕ್ಕೆ ಆಗುವುದಿಲ್ಲ, ನಮೂದಿಸಲು ಪರ್ಮಿಟ್ಟೇ ಇರುವುದಿಲ್ಲವಲ್ಲ. ಕನ್ಸಲ್ಟೆನ್ಸಿಯ ಕರಪತ್ರದಲ್ಲಿ ಈ ವಿಷಯದ ಸುಳಿವೇ ಇಲ್ಲ. ಇನ್ನೊಂದು, ನಿಮ್ಮ ಕಾಲೇಜಿನ ಟ್ರೇನಿಂಗ್ ಕೋಆರ್ಡಿನೇಟರ್ ಆ ವಿದೇಶಿ ಆಫೀಸನ್ನು ಒಪ್ಪುತ್ತಾರೆಂದು ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ, ಇಲ್ಲದಿದ್ದರೆ ಸೆಮಿಸ್ಟರ್ ಕೈಬಿಡುತ್ತದೆ.

ದಾಖಲೆ ದೃಢೀಕರಣದ ಹೆಸರಿನಲ್ಲಿ ಅಪೊಸ್ಟಿಲ್ (ಒಪ್ಪಂದದ ದೇಶಗಳು ಒಂದೇ ಮುದ್ರೆಯಲ್ಲಿ ದಾಖಲೆ ಒಪ್ಪುವ ವ್ಯವಸ್ಥೆ) ಶುಲ್ಕವನ್ನೂ ಸೇರಿಸಿದ್ದಾರೆ. ಇದು ಶುದ್ಧ ದಂಡದ ಖರ್ಚು. ಚೀನಾ 2023ರ ನವೆಂಬರ್ 7ರಿಂದ ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ್ದು ನಿಜ, ಆದರೆ ಅದರ ಸೇರ್ಪಡೆಗೆ ಭಾರತ ಆಕ್ಷೇಪಿಸಿದ್ದರಿಂದ ಈ ಎರಡು ದೇಶಗಳ ನಡುವೆ ಅದು ನಡೆಯುವುದಿಲ್ಲ. ಹಳೆಯ ಸುತ್ತೇ ಗತಿ: ಮೊದಲು ರಾಜ್ಯದ ಶಿಕ್ಷಣ ಇಲಾಖೆಯ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯ, ಕೊನೆಗೆ ಚೀನೀ ದೂತಾವಾಸ. ಈ ಕ್ರಮ ತಪ್ಪಿದರೆ ಕಾಗದ ವಾಪಸ್ ಬರುತ್ತದೆ.

‘ವಸತಿ ಸೇರಿದೆ’ ಎನ್ನುವುದು ಅರ್ಧ ಮಾತು. ಅವರು ಮನೆ ತೋರಿಸಿಕೊಡುತ್ತಾರೆ, ಬಾಡಿಗೆ ನಿಮ್ಮದು. ಶಾಂಘೈನಂಥ ಊರುಗಳಲ್ಲಿ ಒಂದು ತಿಂಗಳ ಅಡ್ವಾನ್ಸ್, ಮೂರು ತಿಂಗಳ ಬಾಡಿಗೆ ಮುಂಗಡ ಎಂಬುದು ರೂಢಿ. ಅಂದರೆ ಕೀಲಿಕೈ ಸಿಗುವ ಹೊತ್ತಿಗೆ ನಾಲ್ಕು ತಿಂಗಳ ಬಾಡಿಗೆ ಕೈಬಿಟ್ಟಿರುತ್ತದೆ. ಇಂಟರ್ನ್‌ಗಳಿಗೆ ದಿನದ ಲೆಕ್ಕದಲ್ಲಿ ಕೊಡುವ ದುಡ್ಡಿನಿಂದ ಇದು ಹುಟ್ಟುವುದಿಲ್ಲ. ಹೋಟೆಲಲ್ಲದೆ ಬೇರೆಡೆ ಉಳಿದರೆ 24 ಗಂಟೆಯೊಳಗೆ ಪೊಲೀಸ್ ನೋಂದಣಿ ಕಡ್ಡಾಯ, ಅದರ ಚೀಟಿ ಇಲ್ಲದೆ ಪರ್ಮಿಟ್ ಅರ್ಜಿ ಮುಂದೆ ಹೋಗದು. ನೋಂದಣಿಗೆ ಒಲ್ಲೆ ಎನ್ನುವ ಮಾಲೀಕನ ಮನೆ ಎಷ್ಟು ಅಗ್ಗವಾದರೂ ಬೇಡ. ಅಂಗಡಿಗಳಲ್ಲಿ ದುಡ್ಡು ಕೊಡಲು ಅಲಿಪೇ ಎಂಬ ಪಾವತಿ ಆ್ಯಪ್‌ಗೆ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿಕೊಳ್ಳಬಹುದು. 200 ಯುವಾನ್ ಮೀರಿದ ಪಾವತಿಗೆ ಶೇ. 3 ಶುಲ್ಕ ಬೀಳುತ್ತದೆ, ದೊಡ್ಡ ಬಿಲ್ಲಿಗೆ ಅದೂ ಲೆಕ್ಕವೇ.

ಹೊರಡುವ ಮೊದಲಿನ ಓರಿಯೆಂಟೇಶನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಊಟ ಮತ್ತು ಚಳಿ ಬಟ್ಟೆ ಬಿಟ್ಟು ಅಲ್ಲಿ ಬೇರೇನಿಲ್ಲ. ಕೆಲಸದ ಹೊತ್ತಿನ ಬಗ್ಗೆ ಒಂದು ಮಾತೂ ಇಲ್ಲದಿರುವುದು ಮಾತ್ರ ಸರಿಯಲ್ಲ. ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನದ ದುಡಿತವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2021ರ ಆಗಸ್ಟ್‌ನಲ್ಲಿ ಕಾನೂನುಬಾಹಿರ ಎಂದಿದೆ, ಆದರೂ ಸ್ಪರ್ಧೆಯ ಸಬ್ಮಿಷನ್ ವಾರದಲ್ಲಿ ಗಡಿಯಾರ ನೋಡುವವರಿಲ್ಲ.

ಒಟ್ಟು ಐದಕ್ಕೆ ಎರಡು ಸ್ಟಾರ್, ಎರಡೂ ಕ್ಲಾಸಿಗೇ. ಸೇರುವವರು 18,000ದ ರಸೀದಿ ಬೇರೆಯಾಗಿಯೇ ಬರೆಸಿಕೊಳ್ಳಿ. ‘ಪ್ಯಾಕೇಜ್ ಅಡ್ವಾನ್ಸ್’ ಎಂದು ಬರೆದುಕೊಟ್ಟರೆ ಕ್ಲಾಸು ಮುಗಿದಮೇಲೆ ಬಾಕಿ ಕಟ್ಟಿ ಎಂದು ಫೋನ್ ಬರುತ್ತಲೇ ಇರುತ್ತದೆ. ಪಾಸ್‌ಪೋರ್ಟ್ ಮತ್ತು ಮೂಲ ಅಂಕಪಟ್ಟಿ ಕೇಳಿದರೆ ಜೆರಾಕ್ಸ್ ಮಾತ್ರ ಕೊಡಿ.