ಮೊದಲು ಕೈಕೊಡುವುದು ಯಾವ ಭಾಗ? ಫ್ಲಾಸ್ಕ್, ಬ್ಯಾಗ್, ಬಾಣಲೆಗಳ ಬಾಳಿಕೆ ವಿಮರ್ಶೆ

ಬಾಳಿಕೆ ಬರುವ ಸಾಮಾನು ಎಂದರೆ ದಪ್ಪಗಿರಬೇಕು, ಕೈಗೆ ಭಾರ ಸಿಗಬೇಕು ಎಂಬ ನಂಬಿಕೆ ಬಹಳ ಜನಕ್ಕಿದೆ. ಅದು ಅರ್ಧ ನಿಜ. ಯಾವ ಸಾಮಾನೂ ಇಡಿಯಾಗಿ ಒಮ್ಮೆಗೇ ಹಾಳಾಗುವುದಿಲ್ಲ. ಯಾವುದೋ ಒಂದು ಸಣ್ಣ ಭಾಗ ಮೊದಲು ಕೈಕೊಡುತ್ತದೆ, ಮಿಕ್ಕದ್ದೆಲ್ಲ ಗಟ್ಟಿಮುಟ್ಟಾಗಿದ್ದರೂ ಅದರ ಜೊತೆಗೇ ಗುಜರಿಗೆ ಹೋಗುತ್ತದೆ. ಫ್ಲಾಸ್ಕಿಗೆ ಮುಚ್ಚಳದ ರಬ್ಬರ್, ಬ್ಯಾಗಿಗೆ ಜಿಪ್ಪಿನ ರನ್ನರ್, ನಾನ್‌ಸ್ಟಿಕ್ ಬಾಣಲೆಗೆ ಮೇಲಿನ ಲೇಪನ. ಹಾಗಾಗಿ ಇಲ್ಲಿ ಒಂದೊಂದು ಸಾಮಾನನ್ನೂ ಎರಡೇ ಪ್ರಶ್ನೆ ಇಟ್ಟುಕೊಂಡು ನೋಡಿದೆ: ಮೊದಲು ಹೋಗುವುದು ಏನು, ಅದೊಂದನ್ನೇ ಬದಲಾಯಿಸಲು ಬರುತ್ತದೆಯೇ?

ಸ್ಟೀಲ್ ಫ್ಲಾಸ್ಕ್

ವಿಜ್ಞಾನಿ ಜೇಮ್ಸ್ ಡ್ಯೂವರ್ 1892ರಲ್ಲಿ ಮಾಡಿದ ಎರಡು ಗೋಡೆಯ ಗಾಜಿನ ಪಾತ್ರೆಯ ಉಪಾಯವೇ ಇಂದಿಗೂ ನಡೆಯುತ್ತಿದೆ, ಗಾಜಿನ ಜಾಗಕ್ಕೆ ಸ್ಟೀಲ್ ಬಂದಿದೆ ಅಷ್ಟೆ. ಒಳಗೋಡೆ, ಹೊರಗೋಡೆ, ನಡುವೆ ನಿರ್ವಾತ. ಎರಡೂ ಗೋಡೆ ಸೇರುವುದು ಕುತ್ತಿಗೆಯಲ್ಲಿ ಮಾತ್ರ. ಚಲಿಸುವ ಭಾಗವೇ ಇಲ್ಲದ ಕಾರಣ ಮೈ ದಶಕಗಟ್ಟಲೆ ಬಾಳಬೇಕು, ಬಾಳುತ್ತದೆ ಕೂಡ. ಕೆಡುವುದು ಎರಡು ರೀತಿ. ಬಿದ್ದಾಗ ಆಳವಾಗಿ ನೆಗ್ಗಿ ಹೊರಗೋಡೆ ಒಳಗೋಡೆಗೆ ತಾಗಿದರೆ ಆ ಜಾಗದಿಂದ ಶಾಖ ನೇರವಾಗಿ ಹೊರಬರುತ್ತದೆ. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ನಿರ್ವಾತವೇ ಹೋಗುತ್ತದೆ. ಎರಡನೆಯದಕ್ಕೆ ಮನೆಯಲ್ಲಿ ಮದ್ದಿಲ್ಲ.

ಹೊಸ ಫ್ಲಾಸ್ಕ್ ಕೈಗೆ ಬಂದ ದಿನವೇ ಪರೀಕ್ಷೆ ಮಾಡಿ. ಕುದಿಯುವ ನೀರನ್ನು ಕುತ್ತಿಗೆಯವರೆಗೆ ತುಂಬಿ, ಮುಚ್ಚಿ, 10 ನಿಮಿಷ ಬಿಡಿ. ಆಮೇಲೆ ಅಂಗೈಯನ್ನು ಮೇಲಿನಿಂದ ಕೆಳಗೆ, ಸುತ್ತಲೂ ನಿಧಾನವಾಗಿ ಆಡಿಸಿ. ಮುಚ್ಚಳದ ಕೆಳಗೆ ಒಂದೆರಡು ಬೆರಳಗಲ ಬೆಚ್ಚಗಿದ್ದರೆ ಅದು ಸಹಜ. ಬೇರೆಲ್ಲಾದರೂ ಒಂದು ಕಡೆ ಬಿಸಿ ತಗುಲಿದರೆ ಅಥವಾ ಇಡೀ ಮೈ ಬೆಚ್ಚಗಾಗಿದ್ದರೆ ವಾಪಸ್ ಕೊಡಿ. ಬಳಸುತ್ತ ಸರಿಹೋಗುವ ದೋಷ ಇದಲ್ಲ.

ಸ್ಟೀಲಿನ ದರ್ಜೆಯ ಬಗ್ಗೆ ಗೊಂದಲ ಬಹಳ. ಬೇಕಾದದ್ದು 304, ಅದನ್ನೇ 18/8 ಎಂದೂ ಬರೆಯುತ್ತಾರೆ: ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. 201 ದರ್ಜೆಯಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ. ಅಗ್ಗ, ಆದರೆ ತುಕ್ಕಿಗೆ ಬೇಗ ಸೋಲುತ್ತದೆ. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂದು ಹೇಳುವವರ ಮಾತು ಇಲ್ಲಿ ನಡೆಯುವುದಿಲ್ಲ. 201ಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಅಷ್ಟೇ ಅಲ್ಲ, ಅಸಲಿ 304 ಕೂಡ ಒತ್ತಿ ಬಾಗಿಸಿದ ಕಡೆ ತುಸು ಅಂಟುವುದುಂಟು. ತಳದಲ್ಲಿ ಒತ್ತಿರುವ ದರ್ಜೆಯ ಸಂಖ್ಯೆ, ತಯಾರಕರು ಬರೆದುಕೊಟ್ಟ ವಿವರ, ಇವೇ ಆಧಾರ. ಮಾಲಿಬ್ಡಿನಂ ಸೇರಿದ 316 ಉಪ್ಪಿಗೆ ಇನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಬರೀ ನೀರಿಗೆ ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ.

304ನ್ನೂ ಕೆಡಿಸಬಹುದು. ಬ್ಲೀಚ್ ಹಾಕಿ ತೊಳೆದರೆ, ಉಪ್ಪು ಬೆರೆತದ್ದನ್ನು ದಿನಗಟ್ಟಲೆ ಬಿಟ್ಟರೆ, ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಬೀಳುತ್ತವೆ, ಅವು ಮತ್ತೆ ಮುಚ್ಚುವುದಿಲ್ಲ. ಒಳಗೆ ಕಾಣುವ ಬಿಳಿ ಪದರವಾಗಲಿ ಕಂದು ಚುಕ್ಕೆಯಾಗಲಿ ಬಹುತೇಕ ಗಡಸು ನೀರಿನ ಕೆಲಸ. ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ ಕದಡಿ, ಅರ್ಧ ಗಂಟೆ ಮುಚ್ಚದೆ ಬಿಟ್ಟು ಬ್ರಷ್ ಆಡಿಸಿದರೆ ಹೋಗುತ್ತದೆ.

ನಿಜವಾದ ವಿಷಯ ಇರುವುದು ಮುಚ್ಚಳದಲ್ಲಿ. ಗುಂಡಿ ಒತ್ತಿ ಸುರಿಯುವ ಮುಚ್ಚಳ ನೋಡಲು ಚಂದ, ಆದರೆ ಬಿಚ್ಚಿ ನೋಡಿ: ಒಂದು ಸ್ಪ್ರಿಂಗ್, ಒಂದು ಕವಾಟ, ಎರಡೋ ಮೂರೋ ಸಿಲಿಕೋನ್ ಬಳೆ. ಒಂದೊಂದರ ಸಂದಿಯಲ್ಲೂ ಜಿಡ್ಡು ಕೂರುತ್ತದೆ. ಎಷ್ಟೋ ಮಾದರಿಗಳಲ್ಲಿ ಈ ಭಾಗಗಳನ್ನು ಬಿಚ್ಚಲು ಬರುವುದೇ ಇಲ್ಲ, ಅಂಥದ್ದನ್ನು ಅಲ್ಲೇ ಬಿಟ್ಟುಬಿಡಿ. ತಿರುಗಿಸಿ ಮುಚ್ಚುವ ಸಾದಾ ಬಿರಡೆಗೆ ಇರುವುದು ಒಂದೇ ಬಳೆ. ಅದು ಚಪ್ಪಟೆಯಾದಾಗ ಇಲ್ಲವೇ ವಾಸನೆ ಹಿಡಿದಾಗ ಬದಲಾಯಿಸಿದರೆ ಫ್ಲಾಸ್ಕ್ ಹೊಸದಾದಂತೆಯೇ. ಕೊಳ್ಳುವ ಮೊದಲು ತಯಾರಕರ ಪಟ್ಟಿಯಲ್ಲಿ ಆ ಮಾದರಿಯ ಬಳೆ, ಮುಚ್ಚಳ ಬಿಡಿಯಾಗಿ ಸಿಗುತ್ತವೆಯೇ ಎಂದು ನೋಡಿ. ಸಿಗದಿದ್ದರೆ ಎಷ್ಟು ವರ್ಷದ ವಾರಂಟಿ ಬರೆದಿದ್ದರೂ ಅಷ್ಟಕ್ಕಷ್ಟೆ.

ಬಳೆ ತೆಗೆಯಲು ಚಾಕು ಬೇಡ, ಒಂದು ಗೀರು ಬಿದ್ದರೂ ಸೋರುತ್ತದೆ. ಹಲ್ಲುಕಡ್ಡಿಯ ಮೊಂಡು ತುದಿ ಸಾಕು. ವಾಸನೆ ಹಿಡಿದಿದ್ದರೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ನೆನೆಸಿ. ಮತ್ತೆ ಕೂರಿಸುವಾಗ ಯಾವ ಮೈ ಮೇಲಿತ್ತು ಎಂದು ಗಮನವಿಡಿ. ಒಂದು ಬದಿ ತೆಳ್ಳಗಿರುವ ಬಳೆಯನ್ನು ತಲೆಕೆಳಗು ಹಾಕಿಬಿಟ್ಟು "ಹೊಸ ಬಳೆ ಹಾಕಿದರೂ ಸೋರುತ್ತೆ" ಎಂದು ದೂರುವವರೇ ಹೆಚ್ಚು.

ಬಾಯಿ ಅಗಲವಾದಷ್ಟೂ ತೊಳೆಯುವುದು ಸಲೀಸು, ಶಾಖ ಸೋರುವುದೂ ಬೇಗ. ಬ್ರಷ್ ಹೋಗುವಷ್ಟು ಅಗಲವಿದ್ದರೆ ಸಾಕು, ಅದಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಆಯ್ಕೆ. ಡಬ್ಬಿಯ ಮೇಲೆ 12 ಗಂಟೆ, 24 ಗಂಟೆ ಎಂದು ಬರೆದಿರುವುದನ್ನು ಒಂದೇ ಅಳತೆಯ ಫ್ಲಾಸ್ಕುಗಳ ನಡುವೆ ಮಾತ್ರ ಹೋಲಿಸಿ. ಅರ್ಧ ಲೀಟರಿನದು ಒಂದು ಲೀಟರಿನದಕ್ಕಿಂತ ಬೇಗ ಆರುವುದು ಸ್ವಾಭಾವಿಕ, ಅರ್ಧ ಖಾಲಿ ಬಿಟ್ಟರಂತೂ ಇನ್ನೂ ಬೇಗ. ಮೊದಲು ಐದು ನಿಮಿಷ ಬಿಸಿನೀರು ತುಂಬಿಟ್ಟು ಚೆಲ್ಲಿ, ಆಮೇಲೆ ತುಂಬಿದರೆ ಒಳಗೋಡೆ ಶಾಖ ಕುಡಿಯುವುದು ತಪ್ಪುತ್ತದೆ. ಫ್ರೀಜರಿನಲ್ಲಿ ಇಡಬೇಡಿ, ಹೆಪ್ಪುಗಟ್ಟಿದ ನೀರು ಹಿಗ್ಗಿ ಒಳತಳವನ್ನು ಉಬ್ಬಿಸುತ್ತದೆ. ಉರಿಯ ಮೇಲಂತೂ ಕೂಡದು. ಹುಳಿ ಬಂದು ಗಾಳಿ ಬಿಡುವ ದ್ರವವನ್ನು ಬಿಗಿಯಾಗಿ ಮುಚ್ಚಿಟ್ಟರೆ ತೆಗೆಯುವಾಗ ಮುಚ್ಚಳ ಮುಖಕ್ಕೇ ಸಿಡಿದೀತು.

ಬೆನ್ನಿನ ಬ್ಯಾಗ್

ಬ್ಯಾಗ್ ಕೊಳ್ಳುವಾಗ ಹೊರಗಿನ ಬಟ್ಟೆಯನ್ನು ಎಲ್ಲರೂ ಮುಟ್ಟಿ ನೋಡುತ್ತಾರೆ. ಅದು ಹರಿದು ಹೋಗುವ ಬ್ಯಾಗುಗಳು ಕಡಿಮೆ. ಮೊದಲು ಹೋಗುವುದು ಜಿಪ್, ಆಮೇಲೆ ಪಟ್ಟಿ ಸೇರುವ ಹೊಲಿಗೆ, ಕೊನೆಗೆ ಒಳಗಿನ ಲೇಪನ.

ಜಿಪ್ಪಿಗೆ ಸಂಖ್ಯೆ ಇರುತ್ತದೆ: 3, 5, 8, 10. ಮುಚ್ಚಿದ ಹಲ್ಲುಸಾಲಿನ ಅಗಲ ಹೆಚ್ಚುಕಡಿಮೆ ಅಷ್ಟು ಮಿಲಿಮೀಟರ್. ರನ್ನರಿನ ಬೆನ್ನಿನ ಮೇಲೆ ಈ ಸಂಖ್ಯೆ ಒತ್ತಿರುವುದು ಸಾಮಾನ್ಯ, ತಿರುಗಿಸಿ ನೋಡಿ. ದೊಡ್ಡ ಖಾನೆಗೆ 8 ಅಥವಾ 10 ಇರಬೇಕು. 5 ಇರುವುದು ಸಣ್ಣ ಜೇಬಿಗೆ. ತುಂಬಿ ತುಳುಕುವ ಖಾನೆಗೆ 5ನೇ ನಂಬರ್ ಹಾಕಿದ್ದರೆ ಮೂಲೆಯ ತಿರುವಿನಲ್ಲೇ ಅದು ಮೊದಲು ಬಾಯಿಬಿಡುತ್ತದೆ. ಸುರುಳಿ ಹಲ್ಲಿನ ನೈಲಾನ್ ಜಿಪ್ ಬ್ಯಾಗಿಗೆ ಒಳ್ಳೆಯದು. ತಿರುವಿನಲ್ಲಿ ಬಾಗುತ್ತದೆ, ನಡುವೆ ಬಿಟ್ಟುಕೊಂಡರೂ ರನ್ನರನ್ನು ಹಿಂದೆ ತಂದು ಮತ್ತೆ ಎಳೆದರೆ ಕೂಡಿಕೊಳ್ಳುತ್ತದೆ. ಅಚ್ಚಿನ ಹಲ್ಲಿನ ಜಿಪ್ಪಿನಲ್ಲಿ ಒಂದು ಹಲ್ಲು ಉದುರಿದರೆ ಇಡೀ ಸಾಲು ಹೋಯಿತು. 1934ರಲ್ಲಿ ಜಪಾನಿನಲ್ಲಿ ಶುರುವಾದ ವೈಕೆಕೆ ಕಂಪನಿಯ ಜಿಪ್ ಇದ್ದರೆ ಒಳ್ಳೆಯ ಲಕ್ಷಣವೇ. ಆದರೆ ರನ್ನರ್ ಮೇಲೆ ಹೆಸರಿದ್ದ ಮಾತ್ರಕ್ಕೆ ಹಲ್ಲಿನ ಪಟ್ಟಿಯೂ ಅವರದ್ದೇ ಎಂದುಕೊಳ್ಳಬೇಡಿ.

"ಜಿಪ್ ಹೋಯ್ತು" ಎಂದು ಎಸೆಯುವ ಬ್ಯಾಗುಗಳಲ್ಲಿ ಹಲ್ಲು ಚೆನ್ನಾಗಿಯೇ ಇರುತ್ತದೆ, ಸವೆದಿರುವುದು ರನ್ನರ್. ರನ್ನರ್ ಮುಂದೆ ಹೋದರೂ ಅದರ ಹಿಂದೆ ಹಲ್ಲು ಬಾಯಿಬಿಟ್ಟುಕೊಂಡೇ ಇದ್ದರೆ ಅದೇ ಗುರುತು. ರನ್ನರನ್ನು ಪೂರ್ತಿ ತೆರೆದ ಕೊನೆಗೆ ತನ್ನಿ. ಕೂಡಿದ ಹಲ್ಲುಗಳು ಹೊರಬರುವ ಹಿಂಬದಿಯ ಎರಡೂ ಅಂಚನ್ನು, ಎಡಕ್ಕೊಮ್ಮೆ ಬಲಕ್ಕೊಮ್ಮೆ, ಚಿಕ್ಕ ಇಕ್ಕಳದಿಂದ ಒಂದಿಷ್ಟೇ ಅದುಮಿ. ಎಳೆದು ನೋಡಿ, ಸಾಲದಿದ್ದರೆ ಇನ್ನೊಂದಿಷ್ಟು. ಒಂದೇ ಸಲ ಬಲ ಹಾಕಿದರೆ ಎರಕದ ಲೋಹ ಪಟ್ಟನೆ ಮುರಿಯುತ್ತದೆ. ಇದು ಕೆಲವು ತಿಂಗಳ ಮಾತು. ಸರಿಯಾದ ರಿಪೇರಿ ಎಂದರೆ ಅದೇ ಸಂಖ್ಯೆಯ, ಅದೇ ಬಗೆಯ ಹಲ್ಲಿಗೆ ಹೊಂದುವ ಹೊಸ ರನ್ನರ್. ಹೊಲಿಗೆ ಕೆಲಸದವರು ಇದನ್ನು ನಿಮಿಷಗಳಲ್ಲಿ ಹಾಕಿಕೊಡುತ್ತಾರೆ. ಮರಳು, ಧೂಳು ರನ್ನರಿನ ಒಳಮೈಯನ್ನು ಅರದಂತೆ ತಿನ್ನುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆಗಾಗ ಉಜ್ಜಿದರೆ ಆಯುಸ್ಸು ಹೆಚ್ಚು.

ಈಗ ಬ್ಯಾಗಿನ ಒಳಮೈ ಹೊರಳಿಸಿ. ಭುಜದ ಪಟ್ಟಿ ಸೇರುವ ಕಡೆ ಒತ್ತೊತ್ತಾಗಿ ಹಿಂದೆಮುಂದೆ ಹಾಕಿದ, ಸಣ್ಣ ಪಟ್ಟೆಯಂತೆ ಕಾಣುವ ಹೊಲಿಗೆ ಇರಬೇಕು. ಬರೀ ಒಂದು ಸಾಲು ಹೊಲಿದು ಬಟ್ಟೆಯ ಸಂದಿಗೆ ತುರುಕಿದ್ದರೆ ಭಾರವೆಲ್ಲ ಆ ದಾರದ ಮೇಲೆಯೇ. ಬಟ್ಟೆಯ ಕತ್ತರಿಸಿದ ಅಂಚುಗಳನ್ನು ಲಾಡಿಯಂಥ ಪಟ್ಟಿಯಿಂದ ಸುತ್ತಿ ಹೊಲಿದಿರಬೇಕು, ಬೋಳಾಗಿ ಬಿಟ್ಟಿದ್ದರೆ ಎಳೆ ಎಳೆಯಾಗಿ ಬಿಚ್ಚುತ್ತದೆ. ಪಟ್ಟಿಯೊಳಗಿನ ಸ್ಪಂಜನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ: ಒತ್ತಿದ ಕೂಡಲೇ ಎರಡು ಬೆರಳೂ ತಾಗುವಷ್ಟು ಮೆತ್ತಗಿದ್ದರೆ ಅಂಗಡಿಯಲ್ಲಿ ಸುಖ, ಆಮೇಲೆ ಹಗ್ಗದಂತೆ ಭುಜ ಕೊಯ್ಯುತ್ತದೆ.

ಬಟ್ಟೆಯ ಡೆನಿಯರ್ ಎಂದರೆ 9,000 ಮೀಟರ್ ಎಳೆಯ ತೂಕ ಗ್ರಾಂ ಲೆಕ್ಕದಲ್ಲಿ. ದಿನಬಳಕೆಗೆ 420ರಿಂದ 600 ಸಾಕು, ಒರಟು ಕೆಲಸಕ್ಕೆ 1000. ಅಷ್ಟೇ ಡೆನಿಯರಿನಲ್ಲಿ ಉಜ್ಜಾಟಕ್ಕೆ ನೈಲಾನ್ ಮೇಲು, ಬಿಸಿಲಿಗೆ ಪಾಲಿಯೆಸ್ಟರ್ ಮೇಲು.

ಒಳಗಿನ ಪಾಲಿಯುರೆಥೇನ್ ಲೇಪನದ ಕಥೆ ಬೇರೆ. ಗಾಳಿಯ ತೇವದೊಂದಿಗೆ ಅದು ನಿಧಾನವಾಗಿ ಒಡೆಯುತ್ತದೆ, ಮೊದಲು ಅಂಟಂಟಾಗಿ ಕೊನೆಗೆ ಪುಡಿಯಾಗಿ ಉದುರುತ್ತದೆ. ಬಳಸಿದರೂ ಬಳಸದಿದ್ದರೂ ಇದು ನಡೆದೇ ನಡೆಯುತ್ತದೆ. ಜೋಪಾನವಾಗಲಿ ಎಂದು ಬ್ಯಾಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರೆ, ಒಳಗೆ ಸಿಕ್ಕಿಬಿದ್ದ ತೇವದಿಂದ ಇನ್ನೂ ಬೇಗ. ವರ್ಷಗಟ್ಟಲೆ ಡಬ್ಬಿಯಲ್ಲಿಟ್ಟ ಶೂಗಳ ಅಟ್ಟೆ ಹಾಕಿಕೊಂಡ ದಿನವೇ ಪುಡಿಯಾಗುವುದೂ ಇದೇ ಕಾರಣಕ್ಕೆ. ರಿಯಾಯಿತಿಯಲ್ಲಿ ಸಿಕ್ಕಿತೆಂದು ಎರಡು ಕೊಂಡು ಒಂದನ್ನು ಎತ್ತಿಡುವುದರಲ್ಲಿ ಲಾಭವಿಲ್ಲ.

ಬಾಣಲೆ

ನಾನ್‌ಸ್ಟಿಕ್ ಬಾಣಲೆಯನ್ನು ಬಾಳಿಕೆಯ ಸಾಮಾನು ಎಂದು ಕೊಳ್ಳಬೇಡಿ. ಅದರ ಲೇಪನ ಸವೆದು ಹೋಗುವಂಥದ್ದೇ, ಮತ್ತೆ ಹಾಕಿಸುವುದು ಲಾಭದ ಮಾತಲ್ಲ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಕೆಡಲು ಶುರು, ಖಾಲಿ ಬಾಣಲೆ ಜೋರು ಉರಿಯ ಮೇಲೆ ಕೆಲವೇ ನಿಮಿಷದಲ್ಲಿ ಅಲ್ಲಿಗೆ ಮುಟ್ಟುತ್ತದೆ. ಬೇಕೇ ಬೇಕೆಂದರೆ ಮಧ್ಯಮ ಬೆಲೆಯದನ್ನು ತಂದು, ಸಣ್ಣ ಉರಿಯಲ್ಲಿ, ಮರದ ಸೌಟಿನೊಂದಿಗೆ ಬಳಸಿ, ಲೇಪನ ಎದ್ದಾಗ ಬಿಟ್ಟುಬಿಡಿ.

ಎರಕದ ಕಬ್ಬಿಣದಲ್ಲಿ ಸವೆಯುವ ಭಾಗವೇ ಇಲ್ಲ. ಹೋಗುವುದಾದರೆ ಬಿರುಕು ಬಿಟ್ಟು ಹೋಗಬೇಕು. ಕೊಳ್ಳುವಾಗ ಗಾಜಿನಂಥ ಸಮತಟ್ಟು ಮೈ ಮೇಲಿಟ್ಟು ಅಂಚನ್ನು ಒತ್ತಿ, ತೂಗಾಡಿದರೆ ತಳ ಡೊಂಕು. ಬೆರಳ ಗೆಣ್ಣಿನಿಂದ ತಟ್ಟಿ, ಗಂಟೆಯಂತೆ ಕೇಳಿಸಬೇಕು. ಬೊದ್ದು ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿರಬಹುದು. ಕಾದ ಬಾಣಲೆಗೆ ತಣ್ಣೀರು ಸುರಿದರೆ ಒಡೆದೀತು, ಕೈಜಾರಿ ಕಲ್ಲುನೆಲಕ್ಕೆ ಬಿದ್ದರೂ ಅಷ್ಟೆ. ಮಣಿಕಟ್ಟಿನಲ್ಲಿ ಬಲವಿಲ್ಲದವರಿಗೆ ಇದು ಒಗ್ಗದು. ಅವರಿಗೆ ಕಾರ್ಬನ್ ಸ್ಟೀಲಿನದು ವಾಸಿ: ಹಗುರ, ಒಡೆಯುವುದಿಲ್ಲ, ಪಳಗಿಸುವ (ಎಣ್ಣೆ ಸವರಿ ಕಾಯಿಸಿ ಮೇಲೆ ಪದರ ಕಟ್ಟಿಸುವ) ರೀತಿಯೂ ಒಂದೇ. ಆದರೆ ಇಂಡಕ್ಷನ್ ಮೇಲೆ ಒಮ್ಮೆಗೇ ಜೋರು ಶಾಖ ಕೊಟ್ಟರೆ ತಳ ಸೊಟ್ಟಗಾಗುತ್ತದೆ.

ಪಳಗಿಸುವುದರಲ್ಲಿ ಎಲ್ಲರೂ ಎಡವುವುದು ಎಣ್ಣೆಯ ಅಳತೆಯಲ್ಲಿ. ತೊಳೆದು, ಒಲೆಯ ಮೇಲಿಟ್ಟು ಪೂರ್ತಿ ಒಣಗಿಸಿ. ಬೆಚ್ಚಗಿರುವಾಗಲೇ ಅರ್ಧ ಚಮಚ ಎಣ್ಣೆಯನ್ನು ಒಳಗೂ ಹೊರಗೂ ಹಿಡಿಗೂ ಸವರಿ, ಆಮೇಲೆ ಒಣ ಬಟ್ಟೆಯಿಂದ, ಎಣ್ಣೆ ಹಚ್ಚಿದ್ದೇ ತಪ್ಪಾಯಿತೇನೋ ಎಂಬಂತೆ ಒರೆಸಿ ತೆಗೆಯಿರಿ. ಅವನ್ನಿನಲ್ಲಿ ಬೋರಲು ಹಾಕಿ 230 ಡಿಗ್ರಿಯಲ್ಲಿ ಒಂದು ಗಂಟೆ, ಅಲ್ಲೇ ಆರಲು ಬಿಡಿ. ಹೀಗೆ ಮೂರು ನಾಲ್ಕು ಸಲ. ಅಂಟಂಟು ಉಳಿದರೆ ಎಣ್ಣೆ ಹೆಚ್ಚಾಯಿತು ಎಂದರ್ಥ, ಇನ್ನೊಂದು ಗಂಟೆ ಕಾಯಿಸಿದರೆ ಬಹುಮಟ್ಟಿಗೆ ಗಟ್ಟಿಯಾಗುತ್ತದೆ. ಸೋಪು ತಾಗಿದರೆ ಪದರ ಹೋಗುತ್ತದೆ ಎಂಬುದು ಕ್ಷಾರದ ಸೋಪಿನ ಕಾಲದ ಭಯ, ಈಗಿನ ಪಾತ್ರೆ ದ್ರವದಿಂದ ಏನೂ ಆಗದು. ಪದರ ತಿನ್ನುವುದು ಹುಳಿ ಪದಾರ್ಥವನ್ನು ಗಂಟೆಗಟ್ಟಲೆ ಅದರಲ್ಲೇ ಬಿಟ್ಟಾಗ.

ಸ್ಟೀಲ್ ಬಾಣಲೆಯಾದರೆ ಹಿಡಿ ನೋಡಿ ಕೊಳ್ಳಿ. ನಾಲ್ಕು ಚುಕ್ಕೆ ಬೆಸುಗೆಯಲ್ಲಿ ನಿಂತ ಹಿಡಿ ಒಂದು ದಿನ ಕೈಯಲ್ಲೇ ಕಿತ್ತು ಬರುತ್ತದೆ, ದಪ್ಪ ರಿವೆಟ್ ಹೊಡೆದದ್ದು ನಿಲ್ಲುತ್ತದೆ. ಸ್ಕ್ರೂ ಹಾಕಿದ ಬೇಕಲೈಟ್ (ಶಾಖ ತಡೆಯುವ ಗಡಸು ಪ್ಲಾಸ್ಟಿಕ್) ಹಿಡಿ ಅಗ್ಗದ ಲಕ್ಷಣ ಎನ್ನುತ್ತಾರೆ. ಸಡಿಲವಾದರೆ ಬಿಗಿಸಬಹುದು, ಸುಟ್ಟರೆ ಬೇರೆ ಹಾಕಬಹುದು, ಹಾಗಾಗಿ ನನಗೆ ಅದರ ಮೇಲೆ ತಕರಾರಿಲ್ಲ.

ಬಲ್ಬ್, ಟಾರ್ಚ್

ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲಿರುವ 25,000 ಗಂಟೆ ಬಹುತೇಕ ದೀಪದ ಹರಳಿನ ಲೆಕ್ಕ. ಮೊದಲು ಸಾಯುವುದು ಬುಡದಲ್ಲಿರುವ ಡ್ರೈವರಿನ, ಅಂದರೆ ಹರಳಿಗೆ ತಕ್ಕಂತೆ ವಿದ್ಯುತ್ ಹೊಂದಿಸಿಕೊಡುವ ಸರ್ಕ್ಯೂಟಿನ, ಕೆಪಾಸಿಟರ್, ಕೊಲ್ಲುವುದು ಶಾಖ. ಎಲ್ಲ ಕಡೆ ಮುಚ್ಚಿದ ಗಾಜಿನ ಬುರುಡೆಯೊಳಗೆ ಹಾಕುವುದಾದರೆ ಅಂಥ ಜಾಗಕ್ಕೆ ಆಗುತ್ತದೆ ಎಂದು ಬರೆದಿರುವುದನ್ನೇ ತನ್ನಿ, ಕಡಿಮೆ ವ್ಯಾಟಿನದು ಇನ್ನೂ ಒಳ್ಳೆಯದು.

ಟಾರ್ಚಿನಲ್ಲಿ ಬ್ಯಾಟರಿ ಒಳಗೇ ಅಂಟಿಸಿದ್ದರೆ ಬ್ಯಾಟರಿಯ ಆಯುಸ್ಸೇ ಟಾರ್ಚಿನ ಆಯುಸ್ಸು. ಡಬಲ್ ಎ ಅಥವಾ ತೆಗೆಯಲು ಬರುವ 18650 ಸೆಲ್ (ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಸೆಲ್ಲಿನ ಒಂದು ಅಳತೆ) ಹಾಕುವಂಥದ್ದನ್ನು ಆರಿಸಿ. ಆಲ್ಕಲೈನ್ ಸೆಲ್ ಹಾಕಿ ತಿಂಗಳುಗಟ್ಟಲೆ ಎತ್ತಿಡುವುದಾದರೆ ಸೆಲ್ ತೆಗೆದಿಡಿ. ಸೋರಿ ಬಿಳಿ ಪುಡಿ ಕಟ್ಟಿದ್ದರೆ ಅದು ಕ್ಷಾರ: ಹತ್ತಿಯ ತುದಿಗೆ ವಿನೆಗರ್ ಅದ್ದಿ ಒರೆಸಿ, ನೊರೆ ನಿಂತ ಮೇಲೆ ಒದ್ದೆ ಬಟ್ಟೆ ಆಡಿಸಿ, ಪೂರ್ತಿ ಒಣಗಿಸಿ. ಸ್ಪ್ರಿಂಗ್ ಹಸಿರುಗಟ್ಟಿದ್ದರೆ ಸಣ್ಣ ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ. ಉಜ್ಜುವಾಗಲೇ ಅದು ಮುರಿದರೆ ಟಾರ್ಚಿನ ಹಿಂದಿನ ಮುಚ್ಚಳ ಬಿಡಿಯಾಗಿ ಸಿಗುತ್ತದೆಯೇ ವಿಚಾರಿಸಿ.