ತುಮಕೂರಿನಲ್ಲಿ ಹೊಸ ಫ್ಲ್ಯಾಟ್: ಕಟ್ಟುತ್ತಿರುವುದೋ, ಕಟ್ಟಿ ಮುಗಿದಿದ್ದೋ?

ತುಮಕೂರಿನಲ್ಲಿ ಕಟ್ಟುತ್ತಿರುವ ಫ್ಲ್ಯಾಟನ್ನು ಈಗಲೇ ಬುಕ್ ಮಾಡುವುದೋ, ಮುಗಿದು ನಿಂತಿರುವುದನ್ನು ಕೊಳ್ಳುವುದೋ ಎಂದು ಕೇಳಿದ್ದೀರಿ. ಚದರಡಿ ದರವನ್ನಷ್ಟೇ ನೋಡಿದರೆ ಮೊದಲನೆಯದು ಸಾಮಾನ್ಯವಾಗಿ ಅಗ್ಗ. ಆದರೆ ಅದರ ಮೇಲೆ ಶೇ. 5ರಷ್ಟು ಜಿಎಸ್‌ಟಿ ಬೀಳುತ್ತದೆ (45 ಲಕ್ಷ ರೂಪಾಯಿ ಮೀರದ ಸಣ್ಣ ಮನೆಗಳಿಗೆ ಶೇ. 1), ಜೊತೆಗೆ ಕೀಲಿಕೈ ಸಿಗುವವರೆಗೆ ಮನೆ ಬಾಡಿಗೆಯನ್ನೂ ಸಾಲದ ಬಡ್ಡಿಯನ್ನೂ ಒಟ್ಟಿಗೆ ಹೊರಬೇಕಾಗುತ್ತದೆ. ಕಟ್ಟಡ ಪೂರ್ಣಗೊಂಡಿದೆ ಎಂಬ ಪ್ರಮಾಣಪತ್ರ ದೊರೆತ ಮೇಲೆ ಮಾರುವ ಫ್ಲ್ಯಾಟಿಗೆ ಜಿಎಸ್‌ಟಿ ಇಲ್ಲ. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಎರಡಕ್ಕೂ ತಪ್ಪಿದ್ದಲ್ಲ. ಬೆಸ್ಕಾಂ ಸಂಪರ್ಕ, ನಿರ್ವಹಣಾ ಠೇವಣಿ, ಪಾರ್ಕಿಂಗ್ ಇವುಗಳ ಲೆಕ್ಕವನ್ನು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆಯುವುದು ಲೇಸು.

ವಿನ್ಯಾಸದ ದೋಷಗಳು ನಕ್ಷೆಯಲ್ಲಿ ಕಾಣುವುದಿಲ್ಲ. ಮುಗಿದ ಮನೆಯಾದರೆ ಬಚ್ಚಲಿನ ನೆಲಕ್ಕೆ ಒಂದು ಬಕೆಟ್ ನೀರು ಸುರಿದು ನೋಡಬಹುದು: ನೀರು ಜಾಲರಿಯತ್ತ ಹೋಗದೆ ಹೊಸ್ತಿಲ ಬಳಿ ನಿಂತರೆ ಇಳಿಜಾರು ತಪ್ಪಿದೆ, ಟೈಲ್ಸ್ ಕೀಳದೆ ಅದು ಸರಿಹೋಗದು. ಹೇಮಾವತಿ ನೀರಿನ ನಲ್ಲಿ ಸಂಪರ್ಕ ನಿಜಕ್ಕೂ ಬಂದಿದೆಯೋ, ಕೊಳವೆಬಾವಿಯನ್ನೇ ನಂಬಿದ್ದಾರೋ ಎಂಬುದನ್ನು ಅಲ್ಲಿ ಆಗಲೇ ವಾಸವಿರುವವರು ಹೇಳಿಬಿಡುತ್ತಾರೆ. ಕಟ್ಟುತ್ತಿರುವ ಕಡೆಯ ಅನುಕೂಲವೆಂದರೆ, ಗಿಲಾವಿಗೆ ಮುಂಚೆ ಸ್ವಿಚ್ ಬೋರ್ಡು, ಪೈಪುಗಳ ಜಾಗ ಬದಲಿಸಿಕೊಳ್ಳಬಹುದು, ಬಿಲ್ಡರ್ ಒಪ್ಪಿದರೆ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಅಡಿ ನೋಂದಣಿಯಾದ ಯೋಜನೆಯಲ್ಲಿ, ಸ್ವಾಧೀನದಿಂದ 5 ವರ್ಷದೊಳಗೆ ತಿಳಿಸಿದ ಕಟ್ಟಡದ ದೋಷವನ್ನು ಬಿಲ್ಡರ್ 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು.

ಸ್ವಂತ ಮನೆಯಲ್ಲಿದ್ದು ಎರಡು ಮೂರು ವರ್ಷ ಕಾಯಬಲ್ಲವರಿಗೆ ಕಟ್ಟುತ್ತಿರುವುದು ಹೊಂದೀತು. ಬಾಡಿಗೆ ಕಟ್ಟುತ್ತಿರುವವರಿಗೆ ಮುಗಿದದ್ದೇ ಸೂಕ್ತ.