ಸ್ಕಾರ್ಲೆಟ್ 2ಐ2 ಮೂರನೇ ಜನರೇಷನ್: ಅವ್ವನ ಸೋಬಾನೆ ಪದ ರೆಕಾರ್ಡ್ ಮಾಡೋಕೆ ಎಂಟು ತಿಂಗಳು ಬಳಸಿದ ಮೇಲೆ

ದಾವಣಗೆರೆ ವಿನೋಬನಗರದ ನಮ್ಮ ಮನೆ ಮಹಡಿ ಮೇಲಿನ ಚಿಕ್ಕ ರೂಮೇ ನನ್ನ ಸ್ಟುಡಿಯೋ. ಗೋಡೆಗೆ ಎರಡು ಹಳೆ ಕೌದಿ ನೇತಾಕಿದೀನಿ, ಒಂದು ಲ್ಯಾಪ್‌ಟಾಪು, ಒಂದು ಕಂಡೆನ್ಸರ್ ಮೈಕು, ಎಂಟು ತಿಂಗಳಿಂದ ಈ ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2, ಮೈಕನ್ನ ಕಂಪ್ಯೂಟರಿಗೆ ಜೋಡಿಸೋ ಆಡಿಯೋ ಇಂಟರ್‌ಫೇಸ್ ಡಬ್ಬಿ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. 24 ಬಿಟ್, 192 ಕಿಲೋಹರ್ಟ್ಜ್ ಅಂತೆಲ್ಲ ಡಬ್ಬಿ ಮೇಲೆ ಐತೆ, ನಾನು 48 ಕಿಲೋಹರ್ಟ್ಜಲ್ಲೇ (ಅಂದ್ರೆ ಸೆಕೆಂಡಿಗೆ 48 ಸಾವಿರ ಸಲ ದನಿ ಅಳೆದು) ರೆಕಾರ್ಡ್ ಮಾಡೋದು, ಸೌಂಡ್ ಚೆನ್ನಾಗೈತೆ, ಅಷ್ಟು ಸಾಕು. ನಾನು ಹೇಳ್ಬೇಕು ಅಂತಿರೋದು ಇದರ ಡೈರೆಕ್ಟ್ ಮಾನಿಟರ್ ಬಟನ್ ಬಗ್ಗೆ.

ನಮ್ಮವ್ವ ಸೋಬಾನೆ ಪದ ಹಾಡ್ತಾಳೆ, ಚಿಗವ್ವ ಸೊಲ್ಲು ತಗೊಳ್ತಾಳೆ. ಮೊದಲು ಅವ್ವನ ಹಾಡು ರೆಕಾರ್ಡ್ ಮಾಡಿ, ಆಮೇಲೆ ಅದನ್ನ ಹೆಡ್‌ಫೋನಲ್ಲಿ ಕೇಳಿಸ್ತಾ ಚಿಗವ್ವನ ಸೊಲ್ಲು ಸೇರಿಸೋಣ ಅಂತ ನನ್ನ ಲೆಕ್ಕ. ಆಗ ಒಂದು ಕಮ್ಮಿ ರೇಟಿನ ಯುಎಸ್‌ಬಿ ಮೈಕ್ ಇತ್ತು, ಹೆಡ್‌ಫೋನು ಬ್ಲೂಟೂತ್‌ದು. ಚಿಗವ್ವ ಎರಡು ಸಾಲು ಹಾಡಿ ಹೆಡ್‌ಫೋನ್ ತೆಗೆದಿಟ್ಟು "ಲೇ, ನನ್ನ ಹಿಂದೆ ಯಾರೋ ಹಾಡಿದಂಗೆ ಕೇಳ್ತೈತಲ್ಲೋ" ಅಂದ್ಲು. ನಲವತ್ತು ವರ್ಷದಿಂದ ಹಾಡ್ತಿರೋ ಹೆಂಗಸು ತನ್ನ ದನಿಗೆ ತಾನೇ ಕಾಯ್ಕೊಂಡು ಸಾಲು ಸಾಲಿಗೂ ಎಳೀತಾ ಹೋದ್ಲು, ಹನ್ನೊಂದು ಸಲ ತಗೊಂಡ್ರೂ ಒಂದೂ ಕೂಡಲಿಲ್ಲ, ನನಗೆ ತುಂಬ ಬೇಜಾರಾಯ್ತು.

ಯಾಕೆ ಹಿಂಗಾಗುತ್ತೆ ಅಂದ್ರೆ, ದನಿ ಮೈಕಿಂದ ಕಂಪ್ಯೂಟರ್ ಒಳಗೆ ಹೋಗಿ ಸಾಫ್ಟ್‌ವೇರ್ ದಾಟಿ ವಾಪಸ್ ಕಿವಿಗೆ ಬರಬೇಕು, ಹೋಗ್ತಾ ಒಂದು ಬಫರ್ (ದನಿಯ ಅಳತೆಗಳನ್ನ ಕೂಡಿಟ್ಟು ಒಟ್ಟಿಗೆ ಕಳಿಸೋ ಜಾಗ), ಬರ್ತಾ ಇನ್ನೊಂದು. 48 ಕಿಲೋಹರ್ಟ್ಜಲ್ಲಿ ಬಫರ್ 512 ಅಳತೆಗೆ (ಸ್ಯಾಂಪಲ್) ಇಟ್ರೆ ಒಂದು ಕಡೆಗೇ 10.7 ಮಿಲಿಸೆಕೆಂಡು, ಎರಡೂ ಸೇರಿದ್ರೆ 21 ದಾಟ್ತು, ಡ್ರೈವರ್ ಸಾಫ್ಟ್‌ವೇರ್‌ದು ಅದರ ಮೇಲೆ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತೆ, ಅಂದ್ರೆ ನಿಮ್ಮದೇ ದನಿ ಏಳು ಮೀಟರ್ ಆಚೆಯಿಂದ ಬಂದಂಗೆ. ಬ್ಲೂಟೂತ್ ಆದ್ರೆ ನೂರು ಮಿಲಿಸೆಕೆಂಡ್ ದಾಟೋದು ಮಾಮೂಲು, ಹಾಡೋಕೆ ಅದು ಬೇಡವೇ ಬೇಡ, ವೈರಿಂದೇ ತಗೊಳ್ರಿ. ಬಫರ್ 64ಕ್ಕೆ ಇಳಿಸಿದ್ರೆ 1.3 ಮಿಲಿಸೆಕೆಂಡ್ ಆಗುತ್ತೆ ನಿಜ, ಆದ್ರೆ ನನ್ನ ಹಳೆ ಲ್ಯಾಪ್‌ಟಾಪ್ ಎರಡು ಪ್ಲಗಿನ್ (ದನಿ ತಿದ್ದೋ ಚಿಕ್ಕ ಸಾಫ್ಟ್‌ವೇರ್) ಹಾಕ್ತಿದ್ದಂಗೆ ಪಟಪಟ ಅನ್ನೋಕೆ ಶುರು ಮಾಡುತ್ತೆ.

ಈ ಡೈರೆಕ್ಟ್ ಮಾನಿಟರ್ ಬಟನ್ ಒತ್ತಿದ್ರೆ ಮೈಕಿನ ದನಿ ಕಂಪ್ಯೂಟರ್ ಸುತ್ತಿ ಬರೋದಿಲ್ಲ, ಡಬ್ಬಿಯಿಂದಲೇ ನೇರ ಹೆಡ್‌ಫೋನಿಗೆ. ತಡ ಆಗೋದು ಕಿವಿಗೆ ಗೊತ್ತೇ ಆಗಲ್ಲ. ಬಫರ್ ಎಷ್ಟಾದ್ರೂ ಇರಲಿ, ನಾನು ಆರಾಮಾಗಿ 512ರಲ್ಲೇ ಬಿಟ್ಟಿದೀನಿ. ಒಂದು ಸಲ ಒತ್ತಿದ್ರೆ ಮೋನೋ, ಎರಡೂ ಮೈಕು ಎರಡೂ ಕಿವಿಗೆ. ಇನ್ನೊಂದು ಸಲ ಒತ್ತಿದ್ರೆ ಸ್ಟೀರಿಯೋ, ಒಂದನೇ ಮೈಕು ಎಡಗಿವಿಗೆ, ಎರಡನೇದು ಬಲಗಿವಿಗೆ. ಹಾಡೋರಿಗೆ ಮೋನೋನೇ ಸರಿ, ಒಂದೇ ಕಿವೀಲಿ ತನ್ನ ದನಿ ಕೇಳಿದ್ರೆ ಶ್ರುತಿ ಹಿಡಿಯೋದು ಕಷ್ಟ.

ಆದ್ರೆ ಇದನ್ನ ಆನ್ ಮಾಡಿದಾಗ ಸಾಫ್ಟ್‌ವೇರ್ ಒಳಗಿನ ಮಾನಿಟರಿಂಗ್ (ಮೈಕಿನ ದನಿಯನ್ನ ಸಾಫ್ಟ್‌ವೇರ್ ವಾಪಸ್ ಕೇಳಿಸೋದು) ಆಫ್ ಮಾಡ್ಲೇಬೇಕು (ನಾನು ಬಳಸೋದು ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್). ಇಲ್ದಿದ್ರೆ ನೇರ ಬರೋ ದನಿ, ಸುತ್ತಿ ಬರೋ ದನಿ ಎರಡೂ ಸೇರಿ ಕೊಡದೊಳಗೆ ಬಾಯಿಟ್ಟು ಹಾಡಿದಂಗೆ ಕೇಳುತ್ತೆ. ಮೊದಲ ದಿನ ಅದು ಗೊತ್ತಾಗದೆ ಮೈಕೇ ಕೆಟ್ಟಿರಬೇಕು ಅನ್ಕೊಂಡಿದ್ದೆ.

ಇನ್ನೊಂದು, ನೇರ ಬರೋ ದನಿ ಬೋಳುಬೋಳಾಗಿರುತ್ತೆ, ರಿವರ್ಬ್ (ದೊಡ್ಡ ಜಾಗದಲ್ಲಿ ಹಾಡಿದಂಗೆ ಗುಂಯ್ ಅನ್ನೋದು) ಇರಲ್ಲ. ಅವ್ವನಿಗೆ ಅದು ಹಿಡಿಸಲಿಲ್ಲ, ಮದುವೆಮನೆ ಚಪ್ಪರದ ಕೆಳಗೆ ಹಾಡಿ ರೂಢಿ ಆದೋಳು. ಅದಕ್ಕೆ ಒಂದು ದಾರಿ ಐತೆ: ಸಾಫ್ಟ್‌ವೇರಲ್ಲಿ ಮಾನಿಟರಿಂಗ್ ಆನ್ ಮಾಡಿ, ಆ ಟ್ರ್ಯಾಕಿಗೆ ರಿವರ್ಬ್ ಹಾಕಿ, ಅದರಲ್ಲಿ ಡ್ರೈ (ಮೂಲ ದನಿ) ಪೂರ್ತಿ ಸೊನ್ನೆ ಮಾಡಿ ಬರೀ ವೆಟ್ (ರಿವರ್ಬ್ ದನಿ) ಬಿಡಿ. ಆಗ ದನಿ ಡಬ್ಬಿಯಿಂದ ನೇರ ಬರುತ್ತೆ, ಗುಂಯ್ ಅನ್ನೋದು ಮಾತ್ರ ಕಂಪ್ಯೂಟರಿಂದ ಇಪ್ಪತ್ತು ಚಿಲ್ಲರೆ ಮಿಲಿಸೆಕೆಂಡ್ ತಡವಾಗಿ ಬರುತ್ತೆ, ದೊಡ್ಡ ಜಾಗದಲ್ಲಿ ಗುಂಯ್‌ಗುಡೋದು ತಡವಾಗೇ ಬರೋದಲ್ವಾ, ಕಿವಿಗೆ ಏನೂ ತೊಂದರೆ ಇಲ್ಲ.

ಮೈಕಿನ ದನಿ ಎಷ್ಟು, ಟ್ರ್ಯಾಕ್ ಎಷ್ಟು ಅಂತ ತೂಗೋಕೆ ಇದರಲ್ಲಿ ಬೇರೆ ನಾಬ್ ಇಲ್ಲ, ಟ್ರ್ಯಾಕನ್ನೇ ಸಾಫ್ಟ್‌ವೇರಲ್ಲಿ ತಗ್ಗಿಸ್ಕೋಬೇಕು. ಹೆಡ್‌ಫೋನ್ ಜಾಕೂ ಒಂದೇ. ಮೈಕಿನ ದನಿ ಏರಿಸೋ ಗೇನ್ ನಾಬ್ ಸುತ್ತ ಹಸಿರು ಬೆಳಕು ಬರುತ್ತೆ, ಕ್ಲಿಪ್ ಆದ್ರೆ (ದನಿ ಜೋರಾಗಿ ಒಡೆದ್ರೆ) ಕೆಂಪು, ಅದು ಅವ್ವನಿಗೂ ಅರ್ಥ ಆಗೈತೆ, ಕೆಂಪು ಕಂಡ ಕೂಡ್ಲೇ ತಾನೇ ಮೈಕಿಂದ ಹಿಂದೆ ಸರೀತಾಳೆ.

ನಮ್ಮನೇಲಿ ಅರ್ಥಿಂಗ್ ಸರಿ ಇರಲಿಲ್ಲ, ಚಾರ್ಜರ್ ಹಾಕಿದ್ರೆ ಹೆಡ್‌ಫೋನಲ್ಲಿ ಗುಂಯ್ ಅಂತಿತ್ತು. ಡಬ್ಬಿಗೆ ಕರೆಂಟು ಯುಎಸ್‌ಬಿಯಿಂದಲೇ ಬರೋದ್ರಿಂದ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿದೆ, ಸದ್ದು ಹೋಯ್ತು, ಕರೆಂಟ್ ಹೋದ್ರೂ ಕೆಲಸ ನಿಲ್ಲಲ್ಲ. ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಆಫ್ ಮಾಡಿ ಕೂರೋದೊಂದೇ ಕಷ್ಟ, ಅದಕ್ಕೆ ಬೆಳಗ್ಗೆ ಐದೂವರೆಗೇ ಶುರು ಮಾಡ್ತೀವಿ.

ಒಬ್ಬರೇ ಹಾಡೋರಾದ್ರೆ ಇದೇ ಸ್ಕಾರ್ಲೆಟ್ ಸಾಲಿನ ಒಂದೇ ಮೈಕಿನ ಸೋಲೋ ಸಾಕು. 2023ರಲ್ಲಿ ನಾಲ್ಕನೇ ಜನರೇಷನ್ ಬಂದೈತೆ, ಹೊಸದು ತಗೊಳ್ಳೋರು ಅದನ್ನ ನೋಡ್ರಿ, ಹಳೇದು ಚೆನ್ನಾಗಿರೋದು ಸಿಕ್ರೆ ಬಿಡಬೇಡಿ.

ಹನ್ನೊಂದು ಸಲಕ್ಕೂ ಕೂಡದ ಸೊಲ್ಲು ಇದರಲ್ಲಿ ಎರಡನೇ ಸಲಕ್ಕೇ ಕೂಡ್ತು. ಮುಂದಿನ ವಾರ ಚಿಗವ್ವ ಬೀಸೋ ಪದ ಹಾಡ್ತೀನಿ ಅಂದಿದಾಳೆ, ಎರಡನೇ ಮೈಕನ್ನ ಬೀಸೋ ಕಲ್ಲಿನ ಹತ್ರ ಇಡೋಣ ಅಂತ ಐತೆ.